ಅಂಕಿಯೂ ಕಥೆಯೂ: ಆರ್‌ಪಿಜಿ ಆಟಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಯ ಮಹಡಿಗೆ ರಜಾದಿನಗಳಲ್ಲಿ ಆಡಲು ಬರುವ ಹುಡುಗ ಹುಡುಗಿಯರು, ಅವರನ್ನು ಹುಡುಕಿಕೊಂಡು ಬರುವ ತಂದೆ ತಾಯಂದಿರು, ಮಂಡ್ಯ ಮದ್ದೂರುಗಳಿಂದ ಬರೆಯುವ ಓದುಗರು ಕೇಳಿದ ಪ್ರಶ್ನೆಗಳಿವು. ಮತ್ತೆ ಮತ್ತೆ ಬಂದವನ್ನು ಮಾತ್ರ ಆರಿಸಿಕೊಂಡಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಕೊನೆಗೆ. ಕಥೆಯ ಗುಟ್ಟು ಹೊರಬೀಳುವ ಕಡೆ ಮೊದಲೇ ಎಚ್ಚರಿಸಿದ್ದೇನೆ.

## ಹೊಸಬರಿಗೆ

ಸರ್, ಆರ್‌ಪಿಜಿ ಎಂದರೆ ಏನು? ಪಬ್‌ಜಿಯೂ ಅದೇ ಜಾತಿಯದೇ?

ಅಲ್ಲ. ಪಬ್‌ಜಿಯಲ್ಲಿ ಗುರಿ ಹಿಡಿಯುವುದು ನಿಮ್ಮ ಬೆರಳು. ಬೆರಳು ಚುರುಕಾಗಿದ್ದರೆ ಗೆದ್ದಿರಿ. ಆರ್‌ಪಿಜಿ ಎಂದರೆ ರೋಲ್ ಪ್ಲೇಯಿಂಗ್ ಗೇಮ್, ಪಾತ್ರ ವಹಿಸಿ ಆಡುವ ಆಟ. ಅದರಲ್ಲಿ ನೀವು ಒಬ್ಬ ವ್ಯಕ್ತಿಯನ್ನು ಕಟ್ಟುತ್ತೀರಿ. ಅವನಿಗೆ ಬಲ ಎಷ್ಟು, ಬುದ್ಧಿ ಎಷ್ಟು, ಮಾತಿನ ಜಾಣತನ ಎಷ್ಟು ಎಂಬುದೆಲ್ಲ ಅಂಕಿಗಳಲ್ಲಿರುತ್ತದೆ. ಬೀಗ ತೆರೆಯುತ್ತದೋ ಇಲ್ಲವೋ, ಕಾವಲುಗಾರ ನಿಮ್ಮ ಸುಳ್ಳನ್ನು ನಂಬುತ್ತಾನೋ ಇಲ್ಲವೋ ಎಂಬುದನ್ನು ಆ ಅಂಕಿ ತೀರ್ಮಾನಿಸುತ್ತದೆ. ಆಡುತ್ತ ಹೋದಂತೆ ಅಂಕಿ ಏರುತ್ತದೆ, ಕಥೆಯೂ ಸಾಗುತ್ತದೆ.

ಇದು ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಕಾಗದ, ಪೆನ್ಸಿಲ್, ದಾಳಗಳನ್ನಿಟ್ಟುಕೊಂಡು ಮೇಜಿನ ಸುತ್ತ ಕುಳಿತು ಆಡುವ ಆಟ. 1981ರಲ್ಲಿ ಬಂದ ಅಲ್ಟಿಮಾ, ವಿಝರ್ಡ್ರಿ ಆಟಗಳು ದಾಳದ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದವು. 1986ರಲ್ಲಿ ಜಪಾನಿನ ಡ್ರ್ಯಾಗನ್ ಕ್ವೆಸ್ಟ್ ಅದೇ ಲೆಕ್ಕವನ್ನು ಟಿವಿ ಮುಂದೆ ಕುಳಿತ ಮಕ್ಕಳ ಕೈಗೂ ಎಟಕುವಂತೆ ಮಾಡಿತು.

ನನ್ನದು ಮಾಮೂಲಿ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ನನಗೆ ಈ ಭಾಗ್ಯ ಇಲ್ಲವೇ?

ಇದೆ. ಈ ಪ್ರಕಾರದ ಒಳ್ಳೆಯ ಆಟಗಳಲ್ಲಿ ಬಹುಪಾಲು ಹಳೆಯವು ಅಥವಾ ಚಿಕ್ಕವು. ಕ್ರೋನೊ ಟ್ರಿಗರ್, ಅಂಡರ್‌ಟೇಲ್, ಸ್ಟಾರ್ಡ್ಯೂ ವ್ಯಾಲಿ, ಹಳೆಯ ಫಾಲ್‌ಔಟ್, ಪ್ಲೇನ್‌ಸ್ಕೇಪ್ ಟಾರ್ಮೆಂಟ್ ಇವೆಲ್ಲ ನಿಮ್ಮ ಯಂತ್ರದಲ್ಲಿ ಓಡುತ್ತವೆ. ಕ್ರೋನೊ ಟ್ರಿಗರ್ ಮತ್ತು ಸ್ಟಾರ್ಡ್ಯೂ ಮೊಬೈಲ್‌ನಲ್ಲೂ ಸಿಗುತ್ತವೆ. ಬಾಲ್ಡರ್ಸ್ ಗೇಟ್ 3ರ ಆಸೆ ಮಾತ್ರ ಸದ್ಯಕ್ಕೆ ಬಿಡಿ. ಅದು ಡಿಸ್ಕಿನಲ್ಲೇ 150 ಜಿಬಿ ಜಾಗ ಕೇಳುತ್ತದೆ.

ಮೊದಲು ಯಾವುದನ್ನು ಆಡಲಿ? ಪಟ್ಟಿ ಬೇಡ, ಒಂದೇ ಹೆಸರು ಹೇಳಿ.

ಕ್ರೋನೊ ಟ್ರಿಗರ್. 1995ರ ಜಪಾನಿ ಆಟ. ಫೈನಲ್ ಫ್ಯಾಂಟಸಿಯ ಹಿರೊನೊಬು ಸಕಗುಚಿ, ಡ್ರ್ಯಾಗನ್ ಕ್ವೆಸ್ಟ್‌ನ ಯೂಜಿ ಹೊರಿಯಿ, ಚಿತ್ರಕಾರ ಅಕಿರಾ ತೊರಿಯಾಮಾ ಮೂವರೂ ಸೇರಿ ಮಾಡಿದ್ದು. ಆರಂಭದಲ್ಲಿ ಒಂದು ಜಾತ್ರೆ. ಅಲ್ಲಿ ನೀವು ಯಾರದೋ ಊಟದ ಡಬ್ಬಿಗೆ ಬಾಯಿ ಹಾಕಿರುತ್ತೀರಿ, ಕಳೆದುಹೋದ ಬೆಕ್ಕನ್ನು ಹುಡುಗಿಯೊಬ್ಬಳಿಗೆ ತಂದುಕೊಟ್ಟಿರುತ್ತೀರಿ ಅಥವಾ ಕೊಟ್ಟಿರುವುದಿಲ್ಲ. ಆಮೇಲೆ ನ್ಯಾಯಾಲಯದ ದೃಶ್ಯ ಬರುತ್ತದೆ. ಜಾತ್ರೆಯಲ್ಲಿ ನೀವು ಮಾಡಿದ್ದೆಲ್ಲ ಸಾಕ್ಷಿಯಾಗಿ ಎದ್ದು ನಿಲ್ಲುತ್ತದೆ. ಯಾರೂ ನೋಡುತ್ತಿಲ್ಲವೆಂದು ನೀವು ಅಂದುಕೊಂಡಾಗಲೂ ಆಟ ನೋಡುತ್ತಿತ್ತು ಎಂದು ಅರಿವಾಗುವ ಆ ಗಳಿಗೆಗಾಗಿಯೇ ಇದನ್ನು ಮೊದಲಿಗೆ ಹೇಳುತ್ತೇನೆ. ಒಂದು ಸಲ ಮುಗಿಸಿದವರು ಗಳಿಸಿದ ಶಕ್ತಿಯನ್ನೆಲ್ಲ ಇಟ್ಟುಕೊಂಡು ಮತ್ತೆ ಶುರು ಮಾಡಬಹುದು. ಮುಕ್ತಾಯಗಳು ಹತ್ತಕ್ಕೂ ಹೆಚ್ಚಿವೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಕನ್ನಡದಲ್ಲಿ ಯಾವುದಾದರೂ ಇದೆಯೇ?

ಇಲ್ಲಿ ನಾನು ಹೆಸರಿಸುವ ಯಾವ ಆಟವೂ ಕನ್ನಡದಲ್ಲಿಲ್ಲ. ಆದರೆ ಆರ್‌ಪಿಜಿಯಲ್ಲಿ ಮಾತು ಪರದೆಯ ಮೇಲೆ ಕಾಯುತ್ತ ನಿಂತಿರುತ್ತದೆ. ನೀವು ಗುಂಡಿ ಒತ್ತುವವರೆಗೂ ಮುಂದೆ ಹೋಗುವುದಿಲ್ಲ. ಸಿನಿಮಾದಲ್ಲಿ ಇಲ್ಲದ ಈ ಸೌಕರ್ಯ ನಿಧಾನವಾಗಿ ಓದುವವರಿಗೆ ದೊಡ್ಡದು. ಪೋಕೆಮಾನ್‌ನಿಂದ ಶುರು ಮಾಡಿ. ಚಿಕ್ಕ ಚಿಕ್ಕ ವಾಕ್ಯಗಳಿವೆ. ಡಿಸ್ಕೊ ಎಲಿಸಿಯಮ್ ಅನ್ನು ಆಮೇಲೆ ನೋಡೋಣ. ಅದರಲ್ಲಿ ಹತ್ತು ಲಕ್ಷದಷ್ಟು ಪದಗಳಿವೆ, ಅವೂ ಸುಲಭದವಲ್ಲ.

## ಮನೆಯವರು ಕೇಳುವುದು

ಸರ್ಕಾರ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆಯಲ್ಲ, ನಮ್ಮ ಹುಡುಗ ಆಡುವುದು ಕಾನೂನಿಗೆ ವಿರುದ್ಧವಲ್ಲವೇ?

ಅಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ ಹಣ ಗೆಲ್ಲುವ ಆಸೆ ಹುಟ್ಟಿಸುವ ಆಟಗಳನ್ನು. ಒಮ್ಮೆ ಬೆಲೆ ಕೊಟ್ಟು ಕೊಂಡು, ಮನೆಯಲ್ಲಿ ಒಬ್ಬನೇ ಕುಳಿತು ಆಡುವ ಕಥೆಯ ಆಟಕ್ಕೆ ಅದು ಸಂಬಂಧಿಸಿದ್ದಲ್ಲ.

ನಿಮ್ಮ ಆತಂಕಕ್ಕೆ ಬೇರೆಯೇ ಒಂದು ಕಡೆ ಕಾರಣವಿದೆ. ಗಾಚಾ ಎಂಬ ಪದ್ಧತಿಯ ಆಟಗಳಿವೆ. 2020ರಲ್ಲಿ ಬಂದ ಗೆನ್‌ಶಿನ್ ಇಂಪ್ಯಾಕ್ಟ್ ಅವುಗಳಲ್ಲಿ ಹೆಸರಾದದ್ದು. ಆಟ ಉಚಿತ. ಆದರೆ ಒಳ್ಳೆಯ ಪಾತ್ರ ಬೇಕೆಂದರೆ ಚೀಟಿ ಎತ್ತಬೇಕು, ಚೀಟಿಗೆ ದುಡ್ಡು, ಯಾವ ಚೀಟಿಯಲ್ಲಿ ಏನು ಬರುತ್ತದೆಂದು ಗೊತ್ತಿಲ್ಲ. ಗೆದ್ದರೂ ಹಣ ವಾಪಸು ಬರುವುದಿಲ್ಲ. ಮಗನ ಫೋನಿಗೆ ನಿಮ್ಮ ಯುಪಿಐ ಅಥವಾ ಕಾರ್ಡ್ ಜೋಡಣೆಯಾಗಿದೆಯೇ ಎಂದು ಇವತ್ತೇ ನೋಡಿ. ಪೂರ್ತಿ ಬೆಲೆ ಕೊಟ್ಟು ಕೊಂಡ ಆಟ ಕೊನೆಗೆ ಅಗ್ಗವೇ ಆಗುತ್ತದೆ.

ಇವಳು ಆಟದಲ್ಲಿ ಕಳ್ಳಿ, ಕೊಲೆಗಾರ್ತಿ ಆಗುತ್ತಾಳಂತೆ. ಇದು ಮನಸ್ಸಿಗೆ ಅಂಟುವುದಿಲ್ಲವೇ ಮೇಷ್ಟ್ರೇ?

ತಾಯೀ, ನಿಮ್ಮದು ಮಂಡ್ಯದ ಕಡೆ. ಊರಿನಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವಾಗ ದುಡ್ಡು ಕೊಟ್ಟು ಪಾತ್ರ ಹಿಡಿಯುವವರನ್ನು ನೀವೇ ನೋಡಿದ್ದೀರಿ. ದುರ್ಯೋಧನನ ಪಾತ್ರಕ್ಕೆ ಎಂಥ ಪೈಪೋಟಿ! ರಾತ್ರಿಯೆಲ್ಲ ಗದೆ ಹೊತ್ತು ಹಾರ್ಮೋನಿಯಂ ಮಾಸ್ತರರ ಶ್ರುತಿಗೆ ಅಬ್ಬರಿಸಿದ ಮನುಷ್ಯ ಬೆಳಗ್ಗೆ ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ಸರದಿಯಲ್ಲಿ ನಿಂತಿರುತ್ತಾನೆ.

ವಯಸ್ಸಿನ ಸೂಚನೆಯನ್ನು ಮಾತ್ರ ಗಮನಿಸಿ. ವಿಚರ್ 3, ಬಾಲ್ಡರ್ಸ್ ಗೇಟ್ 3, ಡಿಸ್ಕೊ ಎಲಿಸಿಯಮ್ ದೊಡ್ಡವರ ಆಟಗಳು. ಹೈಸ್ಕೂಲಿನ ಮಕ್ಕಳಿಗೆ ಕೊಡಬೇಡಿ.

ಆಟದಲ್ಲಿ ಬೇಸಾಯ ಮಾಡುತ್ತಾನೆ, ನಮ್ಮ ಗದ್ದೆಗೆ ಬರುವುದಿಲ್ಲ. ಏನಿದು ಹುಚ್ಚು?

ಸ್ಟಾರ್ಡ್ಯೂ ವ್ಯಾಲಿ ಇರಬೇಕು. 2016ರಲ್ಲಿ ಬಂದದ್ದು, ಎರಿಕ್ ಬರೋನ್ ಎಂಬ ಒಬ್ಬನೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕುಳಿತು ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಮಾಡಿದ. ಅಲ್ಲಿ ಋತುವೊಂದಕ್ಕೆ 28 ದಿನ, ಮಳೆ ಬಂದ ದಿನ ನೀರು ಹಾಯಿಸುವ ಕೆಲಸವಿಲ್ಲ, ಬೆಳೆದದ್ದಕ್ಕೆ ನಿಗದಿಯಾದ ಬೆಲೆ ಮರುದಿನ ಬೆಳಗ್ಗೆಯೇ ಕೈಗೆ ಬರುತ್ತದೆ. ಕಬ್ಬಿನ ಹಣಕ್ಕೆ ಕಾಯ್ದು ಗೊತ್ತಿರುವ ಮನೆಯ ಹುಡುಗನಿಗೆ ಅದು ಯಾಕೆ ಹಿತವೆನಿಸುತ್ತದೆ ಎಂದು ನಾನು ವಿವರಿಸಬೇಕಾಗಿಲ್ಲ.

## ಇಷ್ಟದ ಆಟಗಳು, ಇಷ್ಟಕ್ಕೆ ಕಾರಣ

ನಿಮ್ಮ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಆರ್‌ಪಿಜಿ ಯಾವುದು? ಜಾರಿಕೊಳ್ಳದೆ ಹೇಳಿ.

ಡಿಸ್ಕೊ ಎಲಿಸಿಯಮ್, 2019.

ಕಾರಣ ಹೇಳುವ ಮೊದಲು ನನ್ನ ಅಳತೆಗೋಲನ್ನು ಹೇಳುತ್ತೇನೆ. ಭೂಪಟ ಎಷ್ಟು ದೊಡ್ಡದು, ಕೂದಲಿನ ಎಳೆ ಎಷ್ಟು ಚೆನ್ನಾಗಿ ಕಾಣುತ್ತದೆ, ಎಷ್ಟು ಗಂಟೆ ಆಡಬಹುದು ಎಂಬುದನ್ನೆಲ್ಲ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಕಿಯೂ ಕಥೆಯೂ ಒಂದೇ ಮಾತನ್ನು ಆಡುತ್ತವೆಯೇ ಎಂದಷ್ಟೇ ನೋಡುತ್ತೇನೆ. ಎಷ್ಟೋ ಆಟಗಳಲ್ಲಿ ಅಂಕಿ ಹೊಡೆದಾಟಕ್ಕೆ ಮಾತ್ರ. ಕಥೆ ಬಂದಾಗ ಎಲ್ಲರಿಗೂ ಒಂದೇ ಸಂಭಾಷಣೆ. ಶ್ರೇಷ್ಠ ಆಟದಲ್ಲಿ ಮೊದಲ ಪುಟದಲ್ಲಿ ನೀವು ಬರೆದ ಅಂಕಿ ಕಥೆಯ ಬಾಗಿಲುಗಳನ್ನು ತೆರೆಯುತ್ತದೆ, ಮುಚ್ಚುತ್ತದೆ.

1997ರ ಫಾಲ್‌ಔಟ್ ಇದನ್ನು ಮಾಡಿ ತೋರಿಸಿತು. ಅದರಲ್ಲಿ ಬುದ್ಧಿಯ ಅಂಕಿಯನ್ನು ತೀರ ಕೆಳಗಿಟ್ಟರೆ ನಿಮ್ಮ ನಾಯಕನಿಗೆ ಮಾತೇ ಬರುವುದಿಲ್ಲ. ಗುರುಗುಟ್ಟುತ್ತಾನೆ, ಜನ ಕನಿಕರದಿಂದಲೋ ಅಸಹ್ಯದಿಂದಲೋ ಮುಖ ತಿರುಗಿಸುತ್ತಾರೆ, ಅರ್ಧಕ್ಕರ್ಧ ಕೆಲಸಗಳು ಸಿಗುವುದೇ ಇಲ್ಲ. ಇತ್ತ ನೆಲಮಾಳಿಗೆಯಲ್ಲಿ ನಿಮ್ಮವರು ನೀರಿಲ್ಲದೆ ಕಾಯುತ್ತಿದ್ದಾರೆ. ನೀರಿನ ಯಂತ್ರದ ಬಿಡಿಭಾಗ ತರಲು ಇರುವುದು 150 ದಿನ. 1999ರ ಪ್ಲೇನ್‌ಸ್ಕೇಪ್ ಟಾರ್ಮೆಂಟ್‌ನಲ್ಲಿ ವಿವೇಕದ ಅಂಕಿ ಸಾಕಷ್ಟಿದ್ದರೆ ಕೊನೆಯ ಎದುರಾಳಿಯನ್ನು ಮಾತಿನಲ್ಲೇ ಮಣಿಸಬಹುದು.

ಡಿಸ್ಕೊ ಇವೆಲ್ಲಕ್ಕಿಂತ ಮುಂದೆ ಹೋಯಿತು. ಎಸ್ಟೋನಿಯಾ ಮೂಲದ ತಂಡ ಕಟ್ಟಿದ ಈ ಆಟದಲ್ಲಿ ನೀವು ಪತ್ತೇದಾರ. ಕುಡಿದು ಕುಡಿದು ಹೆಸರನ್ನೂ ಮರೆತು ಹಾಸ್ಟೆಲ್ ಕೋಣೆಯಲ್ಲಿ ಕಣ್ಣು ಬಿಡುತ್ತೀರಿ. ಹಿತ್ತಲಿನ ಮರದಲ್ಲಿ ಶವ ನೇತಾಡುತ್ತಿದೆ. ಕೌಶಲಗಳು 24, ಪ್ರತಿಯೊಂದಕ್ಕೂ ತನ್ನದೇ ದನಿ. ತರ್ಕ ಒಂದು ಹೇಳುತ್ತದೆ, ಕನಿಕರ ಇನ್ನೊಂದು, ಅಧಿಕಾರದ ಮದ ಮಗದೊಂದು. ವಿಶ್ವಕೋಶದ ಕೌಶಲ ಹೆಚ್ಚಿದ್ದರೆ ಕೆಲಸಕ್ಕೆ ಬಾರದ ಮಾಹಿತಿಯಿಂದ ತಲೆ ಚಿಟ್ಟು ಹಿಡಿಯುತ್ತದೆ. ಅಂದರೆ ಅಂಕಿ ಹೆಚ್ಚಾದರೆ ಯಾವಾಗಲೂ ಲಾಭವೆಂದಿಲ್ಲ. ಆ ದನಿ ಜೋರಾಗುತ್ತದೆ, ನಿಮ್ಮನ್ನು ದಾರಿ ತಪ್ಪಿಸುವ ಶಕ್ತಿಯೂ ಅದಕ್ಕೆ ಬರುತ್ತದೆ. ಮಾಮೂಲಿ ಹೊಡೆದಾಟ ಇಲ್ಲವೇ ಇಲ್ಲ. ಮೈಯ ಅಂಕಿ ಕಡಿಮೆಯಿಟ್ಟವರು ಆರಂಭದಲ್ಲೇ, ಫ್ಯಾನಿಗೆ ಸಿಕ್ಕಿಕೊಂಡ ತಮ್ಮ ಟೈಯನ್ನು ಎಳೆಯಲು ಹೋಗಿ ಎದೆ ನಿಂತು ಸಾಯಬಹುದು. ಅಂಕಿ ಕಥೆಯಾಗುವುದೆಂದರೆ ಹೀಗೆ.

ವಿಚರ್ 3 ಅನ್ನು ಊರೆಲ್ಲ ಹೊಗಳುತ್ತದೆ. ನೀವೇಕೆ ಮೂಗು ಮುರಿಯುತ್ತೀರಿ?

ಮೂಗು ಮುರಿಯುವುದಿಲ್ಲ, ಎರಡಾಗಿ ವಿಂಗಡಿಸುತ್ತೇನೆ. 2015ರಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ತಂದ ಈ ಆಟದಲ್ಲಿ ಬರವಣಿಗೆ ಬಹಳ ಮೇಲ್ಮಟ್ಟದ್ದು. ಅಂಕಿಗಳು ಮಾತ್ರ ನೀರಸ. ಒಂದೊಂದೇ ಶೇಕಡಾ ಹೆಚ್ಚುವ ಕತ್ತಿಗಳನ್ನು ಬದಲಿಸುತ್ತ ಕೂರುವುದಕ್ಕೂ ಕಥೆಗೂ ಏನೂ ಸಂಬಂಧವಿಲ್ಲ.

ಇನ್ನು ಮುಂದೆ ಗುಟ್ಟು ಬರುತ್ತದೆ. ವೆಲೆನ್ ಸೀಮೆಯಲ್ಲಿ ಬ್ಲಡಿ ಬ್ಯಾರನ್ ಎಂಬ ಕುಡುಕ ಸೈನ್ಯಾಧಿಕಾರಿ ಕಾಣೆಯಾದ ಹೆಂಡತಿ ಮಗಳನ್ನು ಹುಡುಕಲು ಕೇಳುತ್ತಾನೆ. ಹುಡುಕುತ್ತ ಹೋದರೆ, ಅವರು ಕಾಣೆಯಾದದ್ದಲ್ಲ, ಅವನ ಹೊಡೆತಕ್ಕೆ ಓಡಿಹೋದದ್ದು ಎಂದು ತಿಳಿಯುತ್ತದೆ. ಇದರ ನಡುವೆ ಮರದ ಬೇರಿನಲ್ಲಿ ಬಂದಿಯಾದ ಆತ್ಮವೊಂದು ಬಿಡಿಸು ಎಂದು ಬೇಡುತ್ತದೆ. ಬಿಡಿಸಿದರೆ ಜೌಗಿನ ಅನಾಥ ಮಕ್ಕಳು ಉಳಿಯುತ್ತಾರೆ, ಬ್ಯಾರನ್‌ನ ಹೆಂಡತಿ ಸಾಯುತ್ತಾಳೆ. ಕೊಂದರೆ ಆಕೆಯ ಜೀವ ಉಳಿಯುತ್ತದೆ, ಮಕ್ಕಳು ಉಳಿಯುವುದಿಲ್ಲ. ಫಲ ತಕ್ಷಣ ಕಾಣುವುದಿಲ್ಲ. ಗಂಟೆಗಟ್ಟಲೆ ಬೇರೆ ಕೆಲಸ ಮಾಡಿ, ಮರದ ವಿಷಯ ಮರೆತಿರುವಾಗ ಬಂದು ಹೊಡೆಯುತ್ತದೆ. ಹಿಂದಿನ ಸೇವ್‌ಗೆ, ಅಂದರೆ ಮೊದಲು ಉಳಿಸಿಟ್ಟ ಹಂತಕ್ಕೆ, ಹೋಗಿ ತಿದ್ದಿಕೊಳ್ಳೋಣವೆಂದರೆ ತುಂಬ ದೂರ ಬಂದಾಗಿರುತ್ತದೆ. ಈ ತಡವೇ ಅದರ ಜಾಣತನ. ಇದಕ್ಕಾಗಿಯೇ ಆ ಕತ್ತಿಗಳ ಬೇಸರವನ್ನು ಸಹಿಸಿಕೊಳ್ಳಬಹುದು.

ಸ್ಕೈರಿಮ್ ಶುರು ಮಾಡಿ ನಡುವೆ ಬಿಟ್ಟುಬಿಟ್ಟೆ ಅಣ್ಣಾ. ತಪ್ಪು ನನ್ನದೇ?

ಇಲ್ಲ ತಮ್ಮಾ, ಬಹಳ ಜನ ಅಲ್ಲೇ ಬಿಡುತ್ತಾರೆ. 2011ರ ಸ್ಕೈರಿಮ್ ನಿಮಗೆ ಯಾವುದನ್ನೂ ಇಲ್ಲ ಎನ್ನುವುದಿಲ್ಲ. ನಾಲ್ಕು ಮಂತ್ರ ಗೊತ್ತಿಲ್ಲದವನೂ ಮಾಂತ್ರಿಕರ ಕಾಲೇಜಿನ ಮುಖ್ಯಸ್ಥನಾಗಬಹುದು, ಅವನೇ ಕಳ್ಳರ ನಾಯಕ, ಅವನೇ ಹಂತಕರ ಮುಖ್ಯಸ್ಥ. ಎಲ್ಲವೂ ಆಗಬಹುದಾದವನು ಯಾರೂ ಆಗಿರುವುದಿಲ್ಲ. ಬೇಸರ ಬರುವುದು ಅದಕ್ಕೆ. ಅದೇ ತಂಡದ 2002ರ ಮೊರೊವಿಂಡ್ ಆಡಿ ನೋಡು. ಕೌಶಲ ಸಾಲದಿದ್ದರೆ ಸಂಘದವರು ಬಡ್ತಿ ಕೊಡುವುದಿಲ್ಲ. ಎಲ್ಲಿಗೆ ಹೋಗಬೇಕೆಂದು ಬಾಣದ ಗುರುತೂ ಇಲ್ಲ. ಸೇತುವೆ ದಾಟಿ ಎಡಕ್ಕೆ ಎಂದು ಯಾರೋ ಹೇಳಿದ್ದನ್ನು ನೆನಪಿಟ್ಟುಕೊಂಡು ನಡೆಯಬೇಕು. ಒರಟು ಆಟ, ನಿಜ. ಸ್ಕೈರಿಮ್‌ನ ಹಿಮದ ಬೆಟ್ಟ ಹತ್ತುವ ಸುಖ ಮಾತ್ರ ಅದರಲ್ಲಿ ಸಿಗುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ.

ಜಪಾನಿನ ಆಟಗಳಲ್ಲಿ ನಮ್ಮ ಆಯ್ಕೆಗೆ ಬೆಲೆಯೇ ಇಲ್ಲ. ಅವುಗಳನ್ನು ಯಾಕೆ ಈ ಸಾಲಿಗೆ ಸೇರಿಸುತ್ತೀರಿ?

ಆಯ್ಕೆಯೊಂದೇ ಅಳತೆಯಲ್ಲ ಎಂಬ ಕಾರಣಕ್ಕೆ. 1997ರ ಫೈನಲ್ ಫ್ಯಾಂಟಸಿ 7ರಲ್ಲಿ (ಗುಟ್ಟು ಬರುತ್ತದೆ) ನಿಮ್ಮ ಗುಂಪಿನ ಒಬ್ಬಳು ನಡುವೆಯೇ ಸಾಯುತ್ತಾಳೆ. ಅವಳಿಗಾಗಿ ನೀವು ಗಂಟೆಗಟ್ಟಲೆ ಅಂಕಿ ಕೂಡಿಹಾಕಿದ್ದೀರಿ, ಗಾಯ ಮಾಯಿಸುವ ಕೆಲಸವನ್ನು ಅವಳಿಗೇ ಬಿಟ್ಟಿದ್ದೀರಿ. ಮುಂದಿನ ಕಾಳಗದಲ್ಲಿ ಮೂವರು ನಿಲ್ಲಬೇಕಾದ ಕಡೆ ಆ ಜಾಗ ತುಂಬಲು ಬೇರೆಯವರನ್ನು ಹುಡುಕಬೇಕು. ದುಃಖ ಕಥೆಯಲ್ಲಷ್ಟೇ ಅಲ್ಲ, ಲೆಕ್ಕದಲ್ಲೂ ತಟ್ಟುತ್ತದೆ.

ಪರ್ಸೋನಾ 5ರಲ್ಲಿ ಅಂಕಿಯೆಂದರೆ ಕ್ಯಾಲೆಂಡರ್. ಟೋಕಿಯೊದ ಹೈಸ್ಕೂಲ್ ಹುಡುಗ. ಸಂಜೆಗೆ ಒಂದೇ ಕೆಲಸ. ಓದಬೇಕೋ, ಗೆಳೆಯನ ಜೊತೆ ಹೋಗಬೇಕೋ, ದುಡಿಯಬೇಕೋ? ವರ್ಷ ಮುಗಿಯುವಾಗ ಮಾತಾಡಿಸದೆ ಬಿಟ್ಟವರ ಪಟ್ಟಿ ಉಳಿಯುತ್ತದೆ. ಪಿಯುಸಿ ಓದುವವರಿಗೆ ಇದರಷ್ಟು ಹತ್ತಿರದ ಆಟ ಇನ್ನೊಂದಿಲ್ಲ. ಅದಕ್ಕೇ ಪರೀಕ್ಷೆ ಮುಗಿಯುವವರೆಗೆ ಆಡಬೇಡಿ. ನೂರು ಗಂಟೆ ನುಂಗುತ್ತದೆ.

ಡಾರ್ಕ್ ಸೋಲ್ಸ್ ಬೇಕೆಂದೇ ಹಿಂಸೆ ಕೊಡುತ್ತದಲ್ಲವೇ?

2011ರ ಆ ಆಟದಲ್ಲಿ ಶತ್ರುವನ್ನು ಕೊಂದರೆ ಸಿಗುವ ಆತ್ಮಗಳೇ ಹಣ, ಅವೇ ಶಕ್ತಿ ಏರಿಸುವ ಬಂಡವಾಳ. ಸತ್ತರೆ ಅಲ್ಲೇ ಬೀಳುತ್ತವೆ. ಹಿಂದಿರುಗಿ ಎತ್ತಿಕೊಳ್ಳಬಹುದು, ಆದರೆ ದಾರಿಯಲ್ಲಿ ಮತ್ತೆ ಸತ್ತರೆ ಎಲ್ಲವೂ ಹೋಯಿತು. ದೀವಟಿಗೆಯಂತೆ ಉರಿಯುವ ಬೆಂಕಿಯ ಬಳಿ ಕೂತರೆ ಗಾಯ ಮಾಯುತ್ತದೆ, ಕೊಂದ ಶತ್ರುಗಳೂ ಎದ್ದು ಬರುತ್ತಾರೆ. ಕಷ್ಟ ನಿಜ, ಅನ್ಯಾಯವಲ್ಲ. ಶುರು ಮಾಡುವವರು 2022ರ ಎಲ್ಡನ್ ರಿಂಗ್ ಹಿಡಿಯುವುದು ಮೇಲು. ಒಬ್ಬನ ಕೈಲಿ ಸೋತರೆ ಕುದುರೆ ಹತ್ತಿ ಬೇರೆ ದಿಕ್ಕಿಗೆ ಹೋಗಬಹುದು.

ಅಂಡರ್‌ಟೇಲ್‌ನ ಚಿತ್ರಗಳು ಮಕ್ಕಳು ಗೀಚಿದ ಹಾಗಿವೆ. ಅದರಲ್ಲಿ ಏನಿದೆ?

ನೆನಪಿದೆ. 2015ರಲ್ಲಿ ಟೋಬಿ ಫಾಕ್ಸ್ ಮಾಡಿದ ಈ ಆಟವನ್ನು ಒಬ್ಬರನ್ನೂ ಕೊಲ್ಲದೆ ಮುಗಿಸಬಹುದು. ಆರಂಭದಲ್ಲೇ ತಾಯಿಯಂಥ ಒಬ್ಬಳನ್ನು ಕೈತಪ್ಪಿ ಕೊಂದು, ಮನಸ್ಸು ತಡೆಯದೆ ಹಳೆಯ ಸೇವ್‌ಗೆ ಹೋಗಿ ಉಳಿಸಿದಿರಿ ಎನ್ನಿ. ಮುಂದೆ ಸಿಗುವ ಹೂವೊಂದು ನೀವು ಮಾಡಿದ್ದು ನನಗೆ ಗೊತ್ತು ಎನ್ನುತ್ತದೆ.

## ಪಳಗಿದವರಿಗೆ

ಬಾಲ್ಡರ್ಸ್ ಗೇಟ್ 3ರಲ್ಲಿ ಏಟು ತಾಗುವ ಸಂಭವ 80% ಎಂದು ತೋರಿಸಿ ಎರಡು ಸಲ ಸಾಲಾಗಿ ಏಟು ತಪ್ಪುತ್ತದೆ. ಇದು ಮೋಸವಲ್ಲದೆ ಇನ್ನೇನು?

ಮೋಸವಲ್ಲ, ಲೆಕ್ಕ. 80% ಎಂದರೆ ಐದರಲ್ಲಿ ಒಂದು ತಪ್ಪುತ್ತದೆ. ಯಾವುದಾದರೂ ಎರಡೇ ಏಟು ತೆಗೆದುಕೊಂಡರೆ ಎರಡೂ ತಪ್ಪುವ ಸಂಭವ 4%. ಆದರೆ ಒಂದು ಕಾಳಗದಲ್ಲಿ 20 ಏಟು ಹೊಡೆದರೆ, ಎಲ್ಲೋ ಒಂದು ಕಡೆ ಎರಡು ಸಾಲಾಗಿ ತಪ್ಪುವ ಸಂಭವ ಹೆಚ್ಚುಕಡಿಮೆ ಅರ್ಧ. ತಾಗಿದ ಏಟುಗಳು ನೆನಪಿನಲ್ಲಿ ಉಳಿಯುವುದಿಲ್ಲ, ಅಷ್ಟೆ. ಜೊತೆಗೆ ಆ ಆಟದಲ್ಲಿ ಕರ್ಮದ ದಾಳ ಎಂಬ ಸೌಲಭ್ಯವಿದೆ. ದುರದೃಷ್ಟ ಸಾಲುಗಟ್ಟದಂತೆ ದಾಳವನ್ನು ಒಳಗೊಳಗೇ ತಿದ್ದುತ್ತದೆ. ನಿಜವಾದ ದಾಳ ಬೇಕೆಂದರೆ ಸೆಟ್ಟಿಂಗ್‌ಗಳಲ್ಲಿ ಅದನ್ನು ನಿಲ್ಲಿಸಿ.

ಬಯ್ಯುವ ಬದಲು ಅನುಕೂಲದ ದಾಳ ಹುಡುಕಿ. 20 ಮುಖದ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುವ ಅವಕಾಶವದು. 11 ಅಥವಾ ಹೆಚ್ಚು ಬೇಕಿದ್ದಲ್ಲಿ 50% ಇದ್ದದ್ದು 75% ಆಗುತ್ತದೆ. ಕತ್ತಲಲ್ಲಿ ಅಡಗಿ ಹೊಡೆಯುವುದು ಈ ಅವಕಾಶ ಪಡೆಯುವ ದಾರಿಗಳಲ್ಲೊಂದು. ಡಿಸ್ಕೊದಲ್ಲಿ ದಾಳ ಬೇರೆ: ಆರು ಮುಖದವು ಎರಡು. ಎರಡೂ ಒಂದು ಬಿದ್ದರೆ ಎಷ್ಟೇ ಕೌಶಲವಿದ್ದರೂ ಸೋಲು, ಎರಡೂ ಆರು ಬಿದ್ದರೆ ಎಷ್ಟೇ ದಡ್ಡನಾದರೂ ಗೆಲುವು. ಎರಡಕ್ಕೂ ಸಂಭವ 36ರಲ್ಲಿ 1.

ಸೋತಾಗಲೆಲ್ಲ ಹಳೆಯ ಸೇವ್ ಲೋಡ್ ಮಾಡುವುದು ತಪ್ಪೇ?

ನಿಮ್ಮ ಆಟ, ನಿಮ್ಮ ಇಷ್ಟ. ಆದರೆ ಮಾತುಕತೆಯಲ್ಲಿ ಸೋತಾಗ ಒಮ್ಮೆ ಹಾಗೇ ಮುಂದುವರಿದು ನೋಡಿ. ಡಿಸ್ಕೊದಲ್ಲಿ ಕೆಂಪು ಬಣ್ಣದಲ್ಲಿ ತೋರಿಸುವ ದಾಳದ ಪರೀಕ್ಷೆಗೆ ಒಂದೇ ಅವಕಾಶ; ಅಲ್ಲಿ ಸೋತ ದೃಶ್ಯಗಳನ್ನು ಗೆದ್ದವಕ್ಕಿಂತ ಹೆಚ್ಚು ಪ್ರೀತಿಯಿಂದ ಬರೆದಿದ್ದಾರೆ. ಕರೆಂಟು ಹೋಗಿ ಮೂರು ಗಂಟೆಯ ಆಟ ಅಳಿಸಿಹೋದರೆ ಮಾತ್ರ ಅದರಲ್ಲಿ ಯಾವ ರಸವೂ ಇಲ್ಲ. ಡೆಸ್ಕ್‌ಟಾಪಿಗೆ ಯುಪಿಎಸ್ ಇಡಿ, ಎರಡು ಮೂರು ಸೇವ್‌ಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ.

ನಾವು ಮೂವರು ಡಿಪ್ಲೊಮಾ ವಿದ್ಯಾರ್ಥಿಗಳು. ಕನ್ನಡದಲ್ಲಿ ಆರ್‌ಪಿಜಿ ಮಾಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಚಿಕ್ಕದಾಗಿ. ನೀವು ಬರೆದು ಕಳುಹಿಸಿದ ಏಳು ರಾಜ್ಯಗಳ ಭೂಪಟವನ್ನು ಪಕ್ಕಕ್ಕಿಡಿ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಒಂದು ಹಳ್ಳಿ, ಒಂದು ರಾತ್ರಿ, ಒಂದು ತೂಬು, ಆಡುವವನು ನೀರುಗಂಟಿ. ಬಲ, ಬುದ್ಧಿ ಬೇಡ. ದಾಕ್ಷಿಣ್ಯ, ಲೆಕ್ಕ, ಹಟ ಎಂದು ಮೂರು ಅಂಕಿ ಸಾಕು. ದಾಕ್ಷಿಣ್ಯ ಹೆಚ್ಚಿದ್ದವನಿಗೆ ಜನ ಕಾಫಿ ಕೊಡುತ್ತಾರೆ, ಇಲ್ಲ ಎನ್ನುವ ಆಯ್ಕೆ ಮಾತ್ರ ಪರದೆಯಲ್ಲಿ ಕಾಣಿಸುವುದೇ ಇಲ್ಲ.

ಇಂಗ್ಲಿಷಿನವರಿಗೆ ಇಲ್ಲದ ಒಂದು ಸಾಧನ ನಿಮ್ಮ ಕೈಯಲ್ಲಿದೆ. ಊರಿನವರ ನಂಬಿಕೆಯನ್ನು ಅಂಕಿಯಾಗಿ ಒಳಗಿಡಿ, ಪರದೆಯಲ್ಲಿ ತೋರಿಸಬೇಡಿ. ನಂಬಿಕೆ ಇಳಿದಾಗ ಅದುವರೆಗೆ ನೀವು, ಬನ್ನಿ ಎನ್ನುತ್ತಿದ್ದ ಗೌಡರು ನೀನು, ಬಾ ಎಂದು ತಿರುಗಲಿ. ಆಡುವವನಿಗೆ ಬೇರೆ ಸೂಚನೆ ಬೇಕಾಗುವುದಿಲ್ಲ.

ತೊಡಕು ಇರುವುದು ಹೆಸರಿನಲ್ಲಿ. ಆಡುವವನು ಬರೆದ ಹೆಸರಿಗೆ ‘ಗೆ’ ಅಂಟಿಸಿದರೆ ರವಿಗೆ ಎಂಬುದು ಸರಿ, ಶಿವಗೆ, ಗುರುಗೆ ಎಂದಾದರೆ ಓದುಗ ನಗುತ್ತಾನೆ. ಶಿವನಿಗೆ, ಗುರುವಿಗೆ ಆಗಬೇಕು. ನಾಯಕನಿಗೆ ನೀವೇ ಹೆಸರಿಡಿ, ಇಲ್ಲವೇ ಎಲ್ಲರೂ ಅವನನ್ನು ಅಣ್ಣಾ, ಮಗನೇ, ನೀರುಗಂಟಿ ಎಂದೇ ಕರೆಯಲಿ.

ಆಟ ಕಟ್ಟುವ ಸಾಧನಕ್ಕೆ ಗೊಡಾಟ್ ಇದೆ, ಉಚಿತ, ಮುಕ್ತ ತಂತ್ರಾಂಶ. 2023ರ ಮಾರ್ಚ್‌ನಲ್ಲಿ ಬಂದ 4ನೆಯ ಆವೃತ್ತಿ ಅಥವಾ ನಂತರದ್ದನ್ನೇ ಬಳಸಿ. ಒತ್ತಕ್ಷರ ಕೂಡಿಸುವ ವ್ಯವಸ್ಥೆ ಸೇರಿದ್ದು ಅದರಲ್ಲಿ. ಅಕ್ಷರಕ್ಕೆ ನೋಟೊ ಸಾನ್ಸ್ ಕನ್ನಡ ಆಗುತ್ತದೆ. ಮೊದಲ ದಿನವೇ ರಾಷ್ಟ್ರ, ಸ್ತ್ರೀ, ಅರ್ಥ, ಕ್ಷಮಿಸಿ ಎಂಬ ನಾಲ್ಕು ಪದಗಳನ್ನು ಪರದೆಗೆ ತಂದು, ಹಳೆಯ ಫೋನೊಂದರಲ್ಲೂ ಪರೀಕ್ಷಿಸಿ. ಅಕ್ಷರಗಳು ಒಂದೊಂದಾಗಿ ಮೂಡುವ ಪರಿಣಾಮ ಬೇಕೆಂದರೆ ಒತ್ತು, ಗುಣಿತ ಸಮೇತ ಪೂರ್ತಿ ಅಕ್ಷರ ಒಮ್ಮೆಗೇ ಬರುವಂತೆ ಮಾಡಿ. ಇಲ್ಲದಿದ್ದರೆ ಒತ್ತು ಮೂಡುವವರೆಗೆ ಅರ್ಧ ಅಕ್ಷರ ನಡುಗುತ್ತ ನಿಲ್ಲುತ್ತದೆ.